ನಮ್ಮ ಮಾವು ಫಾರಿನ್‌ಗೆ ಹೋಗುತ್ತಾ? ಕಳಿಸೋ ಮುಂಚೆ ತಿಳಿಯಬೇಕಾದ ಲೆಕ್ಕಾಚಾರ ಇದು

ಶ್ರೀನಿವಾಸಪುರ: ಮೇ ಕೊನೆಯಿಂದ ಜುಲೈವರೆಗೆ ಇಲ್ಲಿನ ಎಪಿಎಂಸಿ ಮುಂದೆ ಟ್ರ್ಯಾಕ್ಟರ್, ಟೆಂಪೋಗಳ ಸಾಲು. ರೇಟು ಬಿದ್ದ ದಿನವೆಲ್ಲ ಮಂಡಿ ಮುಂದೆ ಒಂದು ಮಾತು ಓಡಾಡುತ್ತೆ: "ನಾವೇ ನೇರವಾಗಿ ಫಾರಿನ್‌ಗೆ ಕಳಿಸಿದ್ರೆ ಈ ಗತಿ ಬರ್ತಿತ್ತಾ?"

ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಫಾರಿನ್ ಅನ್ನೋದು ಒಂದು ಮಾರುಕಟ್ಟೆ ಅಲ್ಲ. ದುಬೈ ಬೇರೆ, ಅಮೆರಿಕ ಬೇರೆ, ಜಪಾನ್ ಬೇರೆ. ಯಾವ ದೇಶ, ಯಾವ ತಳಿ, ಯಾವ ತಿಂಗಳು, ಯಾವ ರೂಲ್ಸು ಅಂತ ಮೊದಲೇ ತಿಳಿದುಕೊಳ್ಳದೆ ಕಾಯಿ ಕೊಯ್ದರೆ ಮಂಡಿಗಿಂತ ದೊಡ್ಡ ನಷ್ಟ ಕಟ್ಟಿಟ್ಟ ಬುತ್ತಿ.

2025ರ ಜೂನ್ ನೆನಪಿಸಿಕೊಳ್ಳಿ. ನಮ್ಮ ತೋತಾಪುರಿಯ ದೊಡ್ಡ ಪಾಲು ಮುಳಬಾಗಿಲು, ನಂಗಲಿ ದಾಟಿ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ ಹೋಗುತ್ತಿತ್ತು. ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಆದೇಶ ಮಾಡಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಆಮೇಲೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತು ಮಾಡಿ, ರಾಜ್ಯದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಕಾಯಿ ತೋಟದಲ್ಲೇ ಕೊಳೆತಿತ್ತು.

ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಹಿಂದಿನ ವರ್ಷದ ಪಲ್ಪ್ ಇನ್ನೂ ಖಾಲಿಯಾಗಿಲ್ಲ, ಎಕ್ಸ್‌ಪೋರ್ಟ್ ಡಲ್ ಆಗಿದೆ ಅಂತ ಫ್ಯಾಕ್ಟರಿಯವರು ಹೇಳ್ತಾ ಇದ್ದರು. ಅಂದ್ರೆ ನಮ್ಮ ತೋತಾಪುರಿ ಮೊದಲಿಂದಲೂ ಫಾರಿನ್‌ಗೇ ಹೋಗ್ತಾ ಇದೆ, ಡ್ರಮ್ಮಿನಲ್ಲಿ ಪಲ್ಪ್ ಆಗಿ. ಸೌದಿ, ಯೆಮನ್, ನೆದರ್ಲೆಂಡ್ಸ್ ಥರದ ದೇಶಗಳು ಪಲ್ಪ್ ತಗೊಳ್ಳೋದು ಕಮ್ಮಿ ಮಾಡಿದರೆ ಶ್ರೀನಿವಾಸಪುರದ ರೇಟಿಗೆ ಏಟು ಬೀಳುತ್ತೆ. ಆ ಸುದ್ದಿ ನಮಗೆ ಜೂನ್‌ನಲ್ಲಿ ಮಂಡಿಯಲ್ಲಿ ಗೊತ್ತಾಯಿತು. ಜನವರಿಯಲ್ಲೇ ಮೊಬೈಲಲ್ಲಿ ನೋಡಬಹುದಿತ್ತು.

ಎಲ್ಲಿ ನೋಡೋದು?

ಪ್ರಪಂಚದಲ್ಲಿ ಗಡಿ ದಾಟೋ ಪ್ರತಿ ಸರಕಿಗೂ ಎಚ್‌ಎಸ್ ಕೋಡ್ ಅಂತ ಒಂದು ನಂಬರ್ ಇದೆ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಮಾವಿನ ಹಣ್ಣಿನದು 0804 50. ಜಿನೀವಾದ ಇಂಟರ್‌ನ್ಯಾಷನಲ್ ಟ್ರೇಡ್ ಸೆಂಟರ್ ನಡೆಸುವ 'ಟ್ರೇಡ್ ಮ್ಯಾಪ್' ಅನ್ನೋ ವೆಬ್‌ಸೈಟಲ್ಲಿ ಈ ನಂಬರ್ ಹಾಕಿದರೆ ಯಾವ ದೇಶ ಯಾರಿಂದ ಎಷ್ಟು ತರಿಸಿಕೊಂಡಿದೆ ಅಂತ ವರ್ಷವಾರು ಸಿಗುತ್ತೆ. ನಮ್ಮ ಕೇಂದ್ರ ವಾಣಿಜ್ಯ ಇಲಾಖೆಯ ಎಕ್ಸ್‌ಪೋರ್ಟ್ ಇಂಪೋರ್ಟ್ ಡೇಟಾ ಬ್ಯಾಂಕ್, ಅಪೆಡಾದ ಅಗ್ರಿ ಎಕ್ಸ್‌ಚೇಂಜ್ ಕೂಡ ಇವೆ. ದುಡ್ಡು ಕೊಡಬೇಕಾಗಿಲ್ಲ.

ಆದರೆ ಅಂಕಿ ನೋಡಿ ಹಾರಬೇಡಿ. 0804 50ರಲ್ಲಿ ಮಾವು ಒಂದೇ ಇಲ್ಲ, ಸೀಬೆ ಮತ್ತು ಮ್ಯಾಂಗೋಸ್ಟೀನ್ ಹಣ್ಣೂ ಸೇರಿವೆ. ಚೀನಾ ಈ ಲೆಕ್ಕದಲ್ಲಿ ದೊಡ್ಡ ಗಿರಾಕಿ ಥರ ಕಾಣುತ್ತೆ. ಅದು ತರಿಸೋದು ಹೆಚ್ಚಾಗಿ ಥಾಯ್ಲೆಂಡ್‌ನ ಮ್ಯಾಂಗೋಸ್ಟೀನ್, ನಮ್ಮ ಬಾದಾಮಿಗೂ ಅದಕ್ಕೂ ಸಂಬಂಧ ಇಲ್ಲ. ನೆದರ್ಲೆಂಡ್ಸ್ ಕೂಡ ಹಾಗೇ. ಅಷ್ಟು ಸಣ್ಣ ದೇಶದವರು ಅಷ್ಟು ಮಾವು ತಿಂತಾರಾ? ಇಲ್ಲ. ರಾಟರ್‌ಡ್ಯಾಮ್ ಬಂದರಿಗೆ ಇಳಿದು ಅಲ್ಲಿಂದ ಯುರೋಪಿಗೆಲ್ಲ ಹೋಗುತ್ತೆ, ಬಹುಪಾಲು ಬ್ರೆಜಿಲ್, ಪೆರು ದೇಶದ ಹಣ್ಣು.

ಅಮೆರಿಕದ ಬಾಗಿಲು ಮಾಲೂರಲ್ಲೇ ಇದೆ

ಜಿಲ್ಲೆಯ ಎಷ್ಟು ಬೆಳೆಗಾರರಿಗೆ ಗೊತ್ತೋ ಏನೋ, ಅಮೆರಿಕಕ್ಕೆ ಹೋಗುವ ಮಾವಿಗೆ ಕಡ್ಡಾಯವಾದ ವಿಕಿರಣ ಸಂಸ್ಕರಣೆ ಮಾಡುವ ಘಟಕ ನಮ್ಮ ಮಾಲೂರಲ್ಲೇ ಇದೆ. ಹೆಸರು ಇನ್ನೋವಾ ಅಗ್ರಿ ಬಯೋ ಪಾರ್ಕ್. ಅಮೆರಿಕದ ಕೃಷಿ ಇಲಾಖೆ ಒಪ್ಪಿಗೆ ಕೊಟ್ಟಿರುವ ಇಂಥ ಘಟಕಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು.

ಅಮೆರಿಕ ಭಾರತದ ಮಾವಿಗೆ ಮತ್ತೆ ಬಾಗಿಲು ತೆರೆದಿದ್ದು 2007ರಲ್ಲಿ. ಮುಖ್ಯ ಷರತ್ತು: ಕೀಟ ಸಾಯುವಂತೆ, ಸಂತಾನ ಬೆಳೆಸದಂತೆ ಹಣ್ಣಿಗೆ ಕನಿಷ್ಠ 400 ಗ್ರೇ ವಿಕಿರಣ ಕೊಡಬೇಕು. ಗ್ರೇ ಅನ್ನೋದು ವಿಕಿರಣದ ಅಳತೆ. ಹಣ್ಣು ತಿನ್ನೋರಿಗೆ ಇದರಿಂದ ತೊಂದರೆ ಇಲ್ಲ.

ಇದರಲ್ಲಿ ಕಾಗದದ ಕೆಲಸ ಹಣ್ಣಿನಷ್ಟೇ ಮುಖ್ಯ. 2025ರ ಮೇ ತಿಂಗಳಲ್ಲಿ ನವಿ ಮುಂಬೈಯಲ್ಲಿ ಸಂಸ್ಕರಣೆಯಾದ 15 ಲೋಡ್ ಮಾವು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ಏರ್‌ಪೋರ್ಟ್‌ಗಳಲ್ಲಿ ತಿರಸ್ಕಾರ ಆಯಿತು. ತೊಂದರೆ ಹಣ್ಣಿನದ್ದಲ್ಲ, ಸಂಸ್ಕರಣೆಯ ದಾಖಲೆಯದ್ದು. ವಾಪಸ್ ತರಿಸೋ ಖರ್ಚು ಹಣ್ಣಿನ ಬೆಲೆಗಿಂತ ಜಾಸ್ತಿ ಅಂತ ರಫ್ತುದಾರರು ಅಲ್ಲೇ ನಾಶ ಮಾಡಿಸಿದರು. ಸುಮಾರು 5 ಲಕ್ಷ ಡಾಲರ್ ಹೋಯಿತು.

ಅಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಸಿಗೋದು ಮೆಕ್ಸಿಕೋ ಹಣ್ಣು. ಲಾರಿಯಲ್ಲಿ ಬರುತ್ತೆ, ಅಗ್ಗ. ವಿಮಾನದಲ್ಲಿ ಹೋಗೋ ನಮ್ಮ ಹಣ್ಣು ಆ ರೇಟಿಗೆ ನಿಲ್ಲಲ್ಲ. ಇದರ ಗಿರಾಕಿ ಅಂದ್ರೆ ಊರಿನ ರುಚಿ ನೆನೆಸಿಕೊಂಡು ಬಾಕ್ಸ್ ಬುಕ್ ಮಾಡೋ ಭಾರತೀಯ ಕುಟುಂಬಗಳು. ಅವರು ಕೇಳೋದು ಬಾದಾಮಿ, ಕೇಸರ್, ಬೇನಿಷಾ. ತೋತಾಪುರಿ ಅಲ್ಲ.

ಯುರೋಪಲ್ಲಿ ಊಜಿ, ಔಷಧಿ ಎರಡೂ ಕಷ್ಟ

ಯುರೋಪಿನ ಕಥೆ ಇನ್ನೊಂದು. 2013ರಲ್ಲಿ ಭಾರತದಿಂದ ಹೋದ ಹಣ್ಣು, ತರಕಾರಿಯ 207 ಲೋಡ್‌ಗಳಲ್ಲಿ ಹಣ್ಣಿನ ನೊಣ ಮತ್ತಿತರ ಕೀಟ ಸಿಕ್ಕಿದ್ದಕ್ಕೆ 2014ರ ಮೇ ತಿಂಗಳಿಂದ ಮಾವಿಗೇ ನಿಷೇಧ ಹಾಕಿದರು. ನಮ್ಮ ಕಡೆ ಊಜಿ ಅಂತೀವಲ್ಲ, ಅದೇ. 2015ರ ಶುರುವಲ್ಲಿ ನಿಷೇಧ ತೆಗೆದರು. ಈಗ ಬಿಸಿನೀರು ಅಥವಾ ಬಿಸಿ ಹಬೆ ಸಂಸ್ಕರಣೆ ಇಲ್ಲದೆ ಅಲ್ಲಿಗೆ ಹಣ್ಣು ಹೋಗಲ್ಲ.

ಊಜಿಗೆ ಹೆದರಿ ಔಷಧಿ ಹೊಡೆದರೆ ಅದೂ ಸಿಕ್ಕಿಬೀಳುತ್ತೆ. ಕ್ಲೋರ್‌ಪೈರಿಫಾಸ್ ಹೆಸರು ಕೇಳದ ರೈತ ನಮ್ಮಲ್ಲಿಲ್ಲ. ಯುರೋಪ್ ಒಕ್ಕೂಟ ಅದಕ್ಕೆ 2020ರಲ್ಲಿ ಇಟ್ಟ ಮಿತಿ ಕೆಜಿ ಹಣ್ಣಿಗೆ 0.01 ಮಿಲಿಗ್ರಾಂ. ಅಂದ್ರೆ ನೂರು ಟನ್ ಹಣ್ಣಿಗೆ ಒಂದು ಗ್ರಾಂ. ಯಾವ ಔಷಧಿಗೆ ಎಷ್ಟು ಮಿತಿ ಅಂತ ಯುರೋಪಿನ ಕೀಟನಾಶಕ ಡೇಟಾಬೇಸಲ್ಲಿ ನೋಡಬಹುದು. ಯಾವ ದೇಶದ ಯಾವ ಸರಕು ಯಾಕೆ ತಿರಸ್ಕಾರ ಆಯ್ತು ಅನ್ನೋದು ಅವರದೇ ಆರ್‌ಎಎಸ್‌ಎಫ್‌ಎಫ್ ಪಟ್ಟಿಯಲ್ಲಿದೆ. ಈ ಪಟ್ಟಿ ಓದೋದು ಹೂ ಬಿಡೋ ಮುಂಚೆ ಆಗಬೇಕು. ಹೊಡೆದ ಮೇಲೆ ಓದಿ ಏನು ಪ್ರಯೋಜನ?

ಜಪಾನ್ 20 ವರ್ಷದ ನಿಷೇಧ ತೆಗೆದಿದ್ದು 2006ರಲ್ಲಿ. ಒಪ್ಪಿದ ತಳಿಗಳಲ್ಲಿ ನಮ್ಮಲ್ಲಿ ಬೆಳೆಯೋ ಮಲ್ಲಿಕಾ, ಬೇನಿಷಾ, ಬಾದಾಮಿ ಇವೆ. ಬಿಸಿ ಹಬೆ ಸಂಸ್ಕರಣೆ ಕಡ್ಡಾಯ. ಸಣ್ಣವರಿಗೆ ಸದ್ಯಕ್ಕೆ ದೂರದ ಮಾತು.

ದುಬೈಗೆ ಹೋಗೋಣ ಅಂದ್ರೆ

ಹತ್ತಿರ, ರೂಲ್ಸು ಕಮ್ಮಿ, ನಮ್ಮೋರೂ ಜಾಸ್ತಿ. 2022ರ ಮೇ 1ರಿಂದ ಯುಎಇ ಜೊತೆ ವ್ಯಾಪಾರ ಒಪ್ಪಂದವೂ ಇದೆ. ತೊಡಕು ಕ್ಯಾಲೆಂಡರಿನದ್ದು. ರತ್ನಾಗಿರಿ ಆಪೂಸು ಮಾರ್ಚ್, ಏಪ್ರಿಲ್‌ನಲ್ಲೇ ಅಲ್ಲಿ ಇಳಿದಿರುತ್ತೆ. ನಮ್ಮ ಕಾಯಿ ಬಲಿಯೋ ಹೊತ್ತಿಗೆ, ಮೇ ಕೊನೆಗೆ, ಪಾಕಿಸ್ತಾನದ ಸಿಂಧ್ರಿ ಮಾವು ಅದೇ ಮಾರ್ಕೆಟ್‌ಗೆ ಬರಲು ಶುರುವಾಗುತ್ತೆ. ಹಾಗಾಗಿ ವರ್ಷದ ಸರಾಸರಿ ಬೆಲೆ ನೋಡಿ ಪ್ರಯೋಜನ ಇಲ್ಲ, ಜೂನ್ ತಿಂಗಳ ಬೆಲೆ ಎಷ್ಟು ಅಂತ ನೋಡಬೇಕು.

ಇದಕ್ಕೆ ಕಂಪ್ಯೂಟರ್‌ಗಿಂತ ಅಲ್ಲಿರೋ ಭಾವನೋ, ತಮ್ಮನ ಫ್ರೆಂಡೋ ಒಳ್ಳೇದು. ದುಬೈಯ ಅಲ್ ಅವೀರ್ ಹಣ್ಣು ತರಕಾರಿ ಮಾರ್ಕೆಟ್‌ಗೆ ಜೂನ್‌ನಲ್ಲಿ ಎರಡು ಮೂರು ಸಲ ಹೋಗಿ ಮಾವಿನ ಬಾಕ್ಸ್‌ಗಳ ಫೋಟೋ ತೆಗೆದು ಕಳಿಸು ಅಂತ ಹೇಳಿ. ಯಾವ ದೇಶದ್ದು, ಎಷ್ಟು ಕೆಜಿ, ಬಾಕ್ಸಲ್ಲಿ ಎಷ್ಟು ಹಣ್ಣು, ಯಾವ ಸೈಜು, ಹೋಲ್‌ಸೇಲಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು. ತಾರೀಖು ಬರೆದಿಟ್ಟುಕೊಳ್ಳಿ. ಎರಡು ಸೀಸನ್ ಹೀಗೆ ಮಾಡಿದರೆ ಯಾವ ಏಜೆಂಟ್ ಹೇಳೋ ಮಾತನ್ನೂ ತೂಗಿ ನೋಡಬಹುದು.

ರೇಟು ಜಾಸ್ತಿ, ಉಳಿಯೋದು ಎಷ್ಟು?

ಲೆಕ್ಕಕ್ಕೆ ಅಂತ ಒಂದು ಉದಾಹರಣೆ, ಇವು ನಿಜವಾದ ರೇಟುಗಳಲ್ಲ. ಗಿರಾಕಿ ಅಲ್ಲಿ ಕೆಜಿಗೆ 350 ರೂಪಾಯಿ ಕೊಡ್ತಾನೆ ಅಂದುಕೊಳ್ಳಿ. ವಿಮಾನಕ್ಕೆ 180, ಸಂಸ್ಕರಣೆ, ಬಾಕ್ಸ್, ಸರ್ಟಿಫಿಕೇಟ್‌ಗೆ 60, ಲಾರಿ ಮತ್ತು ಏಜೆಂಟ್‌ಗೆ 20. ಕೈಗೆ 90 ಬಂತು. ಮಂಡಿಯಲ್ಲಿ 40 ಇದೆ, ಎರಡರಷ್ಟು ಲಾಭ ಅಂತ ಖುಷಿಪಡೋ ಹಾಗಿಲ್ಲ. 100 ಕೆಜಿ ಕೊಯ್ದರೆ ಕಲೆ ಇಲ್ಲದ, ಸೈಜಿಗೆ ಬಂದ ಹಣ್ಣು 50 ಕೆಜಿ ಸಿಕ್ಕಿತು ಅನ್ನಿ. ಆರಿಸಿ ಬಿಟ್ಟ 50 ಕೆಜಿ ಮಂಡಿಯಲ್ಲಿ 15ಕ್ಕೆ ಹೋಗುತ್ತೆ. ಒಟ್ಟು 5,250 ರೂಪಾಯಿ. ಎಲ್ಲವನ್ನೂ ಮಂಡಿಗೇ ಹಾಕಿದ್ದರೆ 4,000. ಲಾಭ 1,250.

ಈಗ ಒಂದು ಲೋಡ್ ತಿರಸ್ಕಾರ ಆದರೆ ಅದೇ ಲೆಕ್ಕದಲ್ಲಿ 17,500 ರೂಪಾಯಿ ಹೋಯಿತು. ಹದಿನಾಲ್ಕು ಲೋಡ್‌ನಲ್ಲಿ ಒಂದು ಹಾಳಾದರೂ ಇಡೀ ಸೀಸನ್ನಿನ ಲಾಭ ಸೊನ್ನೆ. ರೂಲ್ಸು ಮೊದಲೇ ಓದಿ ಅನ್ನೋದು ಇದಕ್ಕೇ.

ಗಿರಾಕಿ ನಿಜವಾ?

ವಾಟ್ಸಾಪಲ್ಲಿ "ವಾರಕ್ಕೆ ಹತ್ತು ಟನ್ ಬೇಕು" ಅಂತ ಬರೋ ಮೆಸೇಜುಗಳಿಗೆ ಲೆಕ್ಕವಿಲ್ಲ. ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂದರೆ ಅಲ್ಲಿಗೇ ಬಿಡಿ. ಕೇಂದ್ರ ಸರ್ಕಾರದ ಇಸಿಜಿಸಿ ಸಂಸ್ಥೆ ಫಾರಿನ್ ಗಿರಾಕಿಯ ಹಣಕಾಸಿನ ಸ್ಥಿತಿ ವಿಚಾರಿಸಿ ಹೇಳುತ್ತೆ, ದುಡ್ಡು ಬರದಿದ್ದರೆ ವಿಮೆಯೂ ಇದೆ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಇಮೇಲ್ ಮಾಡಿಯೂ ಕೇಳಬಹುದು. ಮೊದಲ ವರ್ಷ ನಾವೇ ರಫ್ತುದಾರರಾಗೋ ಬದಲು ಈಗಾಗಲೇ ಕಳಿಸ್ತಾ ಇರೋರಿಗೆ ಹಣ್ಣು ಕೊಟ್ಟು, ಎಷ್ಟು ರಿಜೆಕ್ಟ್ ಆಯ್ತು, ಯಾಕೆ ಅಂತ ಕೇಳಿ ತಿಳಿಯೋದು ಕಮ್ಮಿ ಖರ್ಚಿನ ಪಾಠ.

ಯಾರನ್ನ ಕೇಳೋದು?

ಸ್ವಂತವಾಗಿ ಕಳಿಸೋರಿಗೆ ಡಿಜಿಎಫ್‌ಟಿಯಿಂದ ಐಇಸಿ ನಂಬರ್, ಅಪೆಡಾ ನೋಂದಣಿ ಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದಲ್ಲಿ ತರಬೇತಿ ನಡೆಯುತ್ತೆ. ತಳಿ, ಕೊಯ್ಲು, ಊಜಿ ಬಲೆಯ ವಿಷಯಕ್ಕೆ ನಮ್ಮ ಹೊಗಳಗೆರೆಯ ಮಾವು ಕೇಂದ್ರ ಇದೆ. ಯುರೋಪ್, ಅಮೆರಿಕದಂಥ ದೇಶಗಳಿಗೆ ಹೋಗೋ ಹಣ್ಣಿನ ತೋಟ ಅಪೆಡಾದ 'ಮ್ಯಾಂಗೋನೆಟ್'ನಲ್ಲಿ ನೋಂದಣಿ ಆಗಿರಬೇಕು. ಅರ್ಜಿ ತೋಟಗಾರಿಕೆ ಇಲಾಖೆಯಲ್ಲಿ ಕೊಡಬೇಕು, ಕೊಯ್ಲಿಗೆ ಮುಂಚೆಯೇ. ಹೋಗುವಾಗ ಪಹಣಿ ಜೊತೆಗೆ ಯಾವ ದಿನ ಯಾವ ಔಷಧಿ ಹೊಡೆದಿರಿ ಅಂತ ಬರೆದ ಪುಸ್ತಕ ಇದ್ದರೆ ಕೆಲಸ ಬೇಗ ಆಗುತ್ತೆ.