ಕರುಳಿನಿಂದ ಹೊಸ ಮೂತ್ರಕೋಶ

ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿನ ಪದರಕ್ಕೆ ಇಳಿದರೆ ಹೆಚ್ಚಾಗಿ ಇಡೀ ಕೋಶವನ್ನೇ ತೆಗೆಯಬೇಕಾಗುತ್ತದೆ. ಮೂವತ್ತು ವರ್ಷ ಬೀಡಿ ಸೇದಿದ ನನ್ನ ಮಾಮನಿಗೆ ಹಾಗೇ ಆಯಿತು. (ಹೊಗೆಯ ವಿಷ ರಕ್ತದಿಂದ ಮೂತ್ರಕ್ಕೆ ಇಳಿದು ಈ ಕೋಶದಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ.) ಆದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸುವುದಿಲ್ಲವಲ್ಲ, ಆ ಮೂತ್ರ ಎಲ್ಲಿಗೆ ಹೋಗಬೇಕು?

ಒಂದು ದಾರಿ, ಹೊಟ್ಟೆಯ ಮೇಲೆ ರಂಧ್ರ ಮಾಡಿ ಹೊರಗೆ ಚೀಲ ಅಂಟಿಸುವುದು. ಇನ್ನೊಂದು, ರೋಗಿಯ ಸಣ್ಣ ಕರುಳಿನಿಂದಲೇ ಹೊಸ ಕೋಶ ಹೊಲಿಯುವುದು. ಸುಮಾರು 40ರಿಂದ 60 ಸೆಂ.ಮೀ. ಇಲಿಯಂ ತುಂಡನ್ನು ರಕ್ತನಾಳಗಳ ಸಮೇತ ಬೇರ್ಪಡಿಸಿ, ಉಳಿದ ಕರುಳನ್ನು ಮತ್ತೆ ಜೋಡಿಸುತ್ತಾರೆ. ಇಲ್ಲಿನ ಜಾಣತನ ನನಗೆ ಬಹಳ ಹಿಡಿಸಿತು. ಕರುಳನ್ನು ಕೊಳವೆಯಾಗಿಯೇ ಬಿಟ್ಟರೆ ಅದು ಅನ್ನ ತಳ್ಳುವಂತೆ ಮೂತ್ರವನ್ನೂ ತಳ್ಳಿ ಸೋರಿಸುತ್ತದೆ. ಆದ್ದರಿಂದ ಉದ್ದಕ್ಕೆ ಸೀಳಿ, ಹಾಳೆಯಂತೆ ಬಿಡಿಸಿ, ಮಡಚಿ ಗೋಲಾಕಾರದ ಚೀಲ ಮಾಡುತ್ತಾರೆ. ಆಗ ಹಿಂಡುವ ಅಲೆಗಳು ಒಂದನ್ನೊಂದು ಅಡ್ಡಗಟ್ಟುತ್ತವೆ, ಒತ್ತಡ ತಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಸ್ಟೂಡರ್, ಜರ್ಮನಿಯ ಹೌಟ್‌ಮನ್ 1980ರ ದಶಕದಲ್ಲಿ ರೂಪಿಸಿದ ವಿಧಾನಗಳು ಇಂದಿಗೂ ಬಳಕೆಯಲ್ಲಿವೆ. ಇಲಿಯಂನ ಕೊನೆಯ ತುದಿಯನ್ನು ಮಾತ್ರ ಮುಟ್ಟುವುದಿಲ್ಲ. ಬಿ12 ವಿಟಮಿನ್ ಹೀರುವುದು ಅಲ್ಲೇ.

ಹೊಸ ಕೋಶ ತುಂಬಿದ್ದು ಮೊದಲಿನಂತೆ ತಿಳಿಯುವುದಿಲ್ಲ. ಮಾಮ ಗಡಿಯಾರ ನೋಡಿ ಹೋಗುತ್ತಾರೆ, ರಾತ್ರಿಗೆ ಅಲಾರಂ. ಹೊಟ್ಟೆ ಬಿಗಿಹಿಡಿದು ಮೂತ್ರ ಹೊರಹಾಕಬೇಕು. ಜೊತೆಗೆ ಲೋಳೆಯೂ ಬರುತ್ತದೆ, ಕರುಳು ತನ್ನ ಸ್ವಭಾವ ಬಿಡದು! ನಮಾಝಿನಲ್ಲಿ ಬಟ್ಟೆ ಒದ್ದೆಯಾದೀತೆಂಬ ಚಿಂತೆ ಮೊದಲ ತಿಂಗಳುಗಳಲ್ಲಿ ಅವರಿಗೆ ಆಪರೇಷನ್‌ಗಿಂತ ದೊಡ್ಡದಾಗಿತ್ತು. ಹಗಲಿನ ಸೋರಿಕೆ ಈಗ ನಿಂತಿದೆ. ರಾತ್ರಿಯದು ಇನ್ನೂ ಆಗಾಗ ಇದೆ.