ಒಳಮುಚ್ಚಳದ ಗೀರುಗಳು

ಭಾನುವಾರ ಬೆಳಗಿನ ಆರೂವರೆ. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಅಂಗಡಿಗಳ ಷಟರುಗಳೆಲ್ಲ ಇಳಿದಿವೆ. ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಮಾತ್ರ ಇನ್ನೊಂದು ಪೇಟೆ ಎದ್ದಿದೆ. ನೀಲಿ ಟಾರ್ಪಾಲು, ಹಳೇ ಚುನಾವಣೆಯ ಫ್ಲೆಕ್ಸು, ಅಂಚು ಹರಿದ ಜಮಖಾನ, ಕೈಗೆ ಸಿಕ್ಕಿದ್ದನ್ನು ಹಾಸಿ ಅದರ ಮೇಲೆ ಊರಿನ ಅಟ್ಟಗಳನ್ನೆಲ್ಲ ಕೊಡವಿದಂತೆ ಸಾಮಾನು ಹರಡಿದ್ದಾರೆ. ಹಿತ್ತಾಳೆ ನಲ್ಲಿ, ಒಂಟಿ ಶೂ, ಹೊಟ್ಟೆ ಬಿಚ್ಚಿಕೊಂಡ ರೇಡಿಯೋ, ಯಾರದೋ ಮದುವೆಯ ಆಲ್ಬಮ್ಮು. ನಡುವೆ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಪಟ್ಟಿ ಕಳೆದುಕೊಂಡ ಕೈಗಡಿಯಾರಗಳ ರಾಶಿ, ರಾಶಿಯ ಅಡಿಯಲ್ಲಿ ಅರ್ಧ ಮುಖ ತೋರಿಸುತ್ತಿರುವ ಒಂದು ಜೇಬುಗಡಿಯಾರ.

ಇಂಥ ಕಡೆ ಆಸೆಯನ್ನು ಮುಖದ ಮೇಲೆ ತೋರಿಸಬಾರದು ಎಂಬುದು ಹದಿನೈದು ವರ್ಷದಲ್ಲಿ ನಾನು ಕಲಿತ ಪಾಠ. ಮೊದಲು ಪಕ್ಕದಲ್ಲಿದ್ದ ಸ್ಪ್ಯಾನರಿನ ಬೆಲೆ ಕೇಳಿದೆ. ಆಮೇಲೆ ಏನೋ ನೆನಪಾದವನ ಹಾಗೆ ಇದನ್ನೆತ್ತಿಕೊಂಡೆ.

"ಇದೆಷ್ಟಪ್ಪಾ?"

"ಬ್ರಿಟಿಷರ ಕಾಲದ್ದು ಸಾರ್. ಮೂರೂವರೆ ಸಾವಿರ ಕೊಡಿ."

"ನಡೆಯುತ್ತಾ?"

"ನಡೆಯೋದಾಗಿದ್ರೆ ಇಲ್ಲಿಗೆ ಬರ್ತಿತ್ತಾ ಸಾರ್?"

ಈ ಉತ್ತರಕ್ಕೇ ಐನೂರು ರೂಪಾಯಿ ಕೊಡಬಹುದಿತ್ತು. ಆದರೂ ಎರಡು ಸಲ ಎದ್ದು ಹೊರಟು, ಎರಡು ಸಲ ಕರೆಸಿಕೊಂಡು, ಸಾವಿರದ ಎಂಟುನೂರಕ್ಕೆ ಮುಗಿಸಿದೆ.

ಅಂಗೈ ತುಂಬುವ ಗಾತ್ರ. ತೂಕ ಹೇಳಿಕೊಳ್ಳುವಂಥದ್ದು. ನಿಕ್ಕಲ್ ಕೇಸು ಬೂದಿ ಮೆತ್ತಿಕೊಂಡಂತೆ ಮಂಕಾಗಿದೆ. ಬಿಳೀ ಡಯಲ್ಲಿನಲ್ಲಿ ನಾಲ್ಕರ ಜಾಗದಲ್ಲಿ ರೋಮನ್ ಅಂಕಿಯ ನಾಲ್ಕು ಕಡ್ಡಿ ಸಾಲಾಗಿ ನಿಂತಿವೆ. ಐದರ ಪಕ್ಕ ಒಂದು ಕಡ್ಡಿಯಿಟ್ಟು ಬರೆಯುವುದು ಪುಸ್ತಕದ ರೂಢಿ. ಗಡಿಯಾರದವರದು ಬೇರೆ ರೂಢಿ. ಆರರ ಮೇಲೆ ಸೆಕೆಂಡಿನದೊಂದು ಪುಟ್ಟ ಬಾವಿ. ನಡುವೆ ವೆಸ್ಟ್ ಎಂಡ್ ವಾಚ್ ಕಂಪನಿಯ ಹೆಸರು. ಬೊಂಬಾಯಿ ಮತ್ತು ಕಲ್ಕತ್ತೆಯಲ್ಲಿ ಅಂಗಡಿಯಿಟ್ಟು, ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಮಿಷಿನ್‌ಗಳನ್ನು ತನ್ನ ಹೆಸರಿನಲ್ಲಿ ಇಡೀ ಹಿಂದೂಸ್ಥಾನಕ್ಕೆ ಮಾರಿದ ಕಂಪನಿ ಅದು. ತನ್ನ ಒಂದು ವಾಚಿಗೆ 'ಸೋವಾರ್' ಎಂದು ಹೆಸರಿಟ್ಟಿತ್ತು, ನಮ್ಮ ಕುದುರೆ 'ಸವಾರ'ನೇ ಅದು.

ಕೊಳ್ಳುವ ಮುನ್ನ ನೋಡಬೇಕಾದ್ದು ಡಯಲ್ಲು. ಹಳೆಯ ಎನಾಮಲ್ ಡಯಲ್ಲೆಂದರೆ ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಉದುರಿಸಿ ಕುಲುಮೆಯಲ್ಲಿ ಕರಗಿಸಿ ಕೂಡಿಸಿದ್ದು. ನೂರು ವರ್ಷವಾದರೂ ಅದು ಪಿಂಗಾಣಿ ಬಟ್ಟಲಿನಷ್ಟು ಬೆಳ್ಳಗಿರುತ್ತದೆ. ಬಿದ್ದಿದ್ದರೆ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಬಿರುಕು ದೋಷವೇ ಹೌದು. ಆದರೆ ಬಿರುಕೂ ಇಲ್ಲದೆ, ಹೊಳಪೂ ಇಲ್ಲದೆ, ಅಕ್ಷರಗಳು ಮಾತ್ರ ಹೊಸ ಬೋರ್ಡಿನಂತೆ ದಪ್ಪಗಿದ್ದರೆ ಆ ಮುಖಕ್ಕೆ ಯಾರೋ ಮೊನ್ನೆ ಬಣ್ಣ ಬಳಿದಿದ್ದಾರೆ ಎಂದೇ ಅರ್ಥ. ಇನ್ನೊಂದು ಮೋಸ ಮದುವೆಯದು. ಒಂದರ ಕೇಸಿಗೆ ಇನ್ನೊಂದರ ಮಿಷಿನ್ ಕೂಡಿಸಿದ ಗಡಿಯಾರವನ್ನು ಹವ್ಯಾಸಿಗಳು 'ಮ್ಯಾರೇಜ್' ಎನ್ನುತ್ತಾರೆ. ಕೇಸಿನಲ್ಲಿ ಬಳಕೆಯಿಲ್ಲದ ಸ್ಕ್ರೂ ಗುರುತು ಕಂಡರೆ ಇದು ಎರಡನೆಯ ಸಂಬಂಧ ಎಂದು ತಿಳಿಯಬೇಕು. ಕೇಸು ಬೆಳ್ಳಿಯದಾದರೆ ಒಳಗೆ ಮುದ್ರೆಯಿರುತ್ತದೆ: ಇಂಗ್ಲೆಂಡಿನದಾದರೆ ನಡೆಯುವ ಸಿಂಹ, ಸ್ವಿಟ್ಜರ್ಲೆಂಡಿನದಾದರೆ ಕರಡಿ ಇಲ್ಲವೇ ಕಾಡುಕೋಳಿ. ಕರಡಿ ಇದ್ದರೆ ಸಾವಿರಕ್ಕೆ 875 ಪಾಲು ಬೆಳ್ಳಿ, ಕೋಳಿ ಇದ್ದರೆ 800. ಅಮೆರಿಕದ ವಾಲ್ಥಮ್, ಎಲ್ಜಿನ್ ಗಡಿಯಾರಗಳಾದರೆ ಮಿಷಿನ್ ಮೇಲಿನ ನಂಬರ್ ಹಿಡಿದೇ ಹುಟ್ಟಿದ ವರ್ಷ ಹೇಳಬಹುದು.

ನನ್ನದರ ಬೆನ್ನಿನ ಮೇಲೆ ಮುದ್ರೆಯಿರಲಿಲ್ಲ. ಉಜ್ಜಿ ನೋಡಿದಾಗ ಕೆತ್ತಿದ ಇಂಗ್ಲಿಷ್ ಅಕ್ಷರಗಳು ಮೆಲ್ಲಗೆ ಮೇಲೆದ್ದವು: ಎಂ ಅಂಡ್ ಎಸ್ ಎಂ ಆರ್. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಎರಡು ಕಂಪನಿಗಳು ಕೂಡಿ ಹುಟ್ಟಿದ ಹೆಸರು. ಹುಬ್ಬಳ್ಳಿ ಕಡೆಯ ಹಿರಿಯರ ಮಾತಿನಲ್ಲಿ ಇನ್ನೂ ಕೇಳಬಹುದಾದ ಹೆಸರು. ಅಂದರೆ ಇದು ಯಾವ ಜಮೀನ್ದಾರರ ಷೋಕಿಯ ವಾಚೂ ಅಲ್ಲ. ಸ್ಟೇಷನ್ ಮಾಸ್ತರನೋ ಗಾರ್ಡನೋ ಕೆಲಸಕ್ಕೆಂದು ಕಿಸೆಯಲ್ಲಿಟ್ಟುಕೊಂಡು ತಿರುಗಿದ್ದು.

ರೈಲಿನವರಿಗೆ ವೇಳೆಯೆಂದರೆ ಅಲಂಕಾರವಲ್ಲ, ಜೀವದ ಪ್ರಶ್ನೆ. ಅಮೆರಿಕದ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ 1891ರ ಏಪ್ರಿಲಿನಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ಒಬ್ಬ ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು, ಮತ್ತೆ ತಾನಾಗಿಯೇ ನಡೆದಿತ್ತು ಎಂಬುದು ಅದಕ್ಕೆ ಕೊಟ್ಟ ಕಾರಣ. ಆಮೇಲೆ ಕ್ಲೀವ್‌ಲೆಂಡಿನ ವೆಬ್ ಸಿ. ಬಾಲ್ ಎಂಬ ಗಡಿಯಾರದ ವ್ಯಾಪಾರಿಯನ್ನು ಕರೆದು ತಪಾಸಣೆಯ ಹೊಣೆ ಒಪ್ಪಿಸಿದರು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಂದುಮುಂದು ಆಗಕೂಡದು, ಮಲಗಿಸಿದರೂ ನಿಲ್ಲಿಸಿದರೂ ಒಂದೇ ಲೆಕ್ಕದಲ್ಲಿ ನಡೆಯಬೇಕು, ಅಂಕಿ ದೊಡ್ಡದಾಗಿರಬೇಕು ಎಂಬ ಕಟ್ಟುಪಾಡು ಅಲ್ಲಿ ಬೆಳೆದದ್ದು ಹೀಗೆ.

ನಮ್ಮಲ್ಲಿ ತೊಡಕು ಬೇರೆ ಇತ್ತು. ನಿಖರವಾದ ಗಡಿಯಾರವಿದ್ದರೂ ಯಾವ ಊರಿನ ವೇಳೆ ಇಡುವುದು? ಇವತ್ತಿನ ಲೆಕ್ಕಕ್ಕೆ ಹೋಲಿಸಿದರೆ ಬೊಂಬಾಯಿ 39 ನಿಮಿಷ ಹಿಂದೆ, ಕಲ್ಕತ್ತೆ ಸುಮಾರು 24 ನಿಮಿಷ ಮುಂದೆ. ನಡುವಿನ ಮದ್ರಾಸ್ ವೇಳೆ ಸುಮಾರು ಒಂಬತ್ತು ನಿಮಿಷ ಹಿಂದೆ, ರೈಲಿನವರು ನೆಚ್ಚಿದ್ದು ಅದನ್ನು. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ವೇಳೆ ಎಂದಾಯಿತು. ಆದರೂ ಬೊಂಬಾಯಿಯವರು ಆಮೇಲೂ ದಶಕಗಳ ಕಾಲ ತಮ್ಮ ಹಳೇ ವೇಳೆಯನ್ನು ಬಿಡಲೊಲ್ಲದೆ ಹಿಡಿದುಕೊಂಡಿದ್ದರು.

ಸೋಮವಾರ ಸಂಜೆ ಗಡಿಯಾರ ರಿಪೇರಿಯ ಸಾಹೇಬರಲ್ಲಿಗೆ ಹೋದೆ. ಅವೆನ್ಯೂ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಸಂದಿ, ಅಲ್ಲೊಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಅಂಗಡಿಯ ಅಗಲ ನಾಲ್ಕಡಿ. ಗಾಜಿನ ಪೆಟ್ಟಿಗೆ, ಅದರ ಮೇಲೆ ಬಗ್ಗಿದ ಟೇಬಲ್ ದೀಪ, ಎಚ್‌ಎಂಟಿ ಬಿಡಿಭಾಗ ತುಂಬಿದ ಮಾತ್ರೆ ಡಬ್ಬಿಗಳು, ಪೆಟ್ರೋಲಿನ ಸಣ್ಣ ವಾಸನೆ. ಬರುವ ಗಿರಾಕಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಸೆಲ್ ಹಾಕಿಸುವವರು. ನನ್ನ ಕೈಯಲ್ಲಿದ್ದುದನ್ನು ಕಂಡು ಸಾಹೇಬರು ಕನ್ನಡಕ ತೆಗೆದು ಬದಿಗಿಟ್ಟರು.

"ಬನ್ನಿ ಸ್ವಾಮಿ. ಕೀ ಕೊಟ್ರಾ?"

"ಇಲ್ಲ."

"ಪುಣ್ಯ ಕಟ್ಕೊಂಡ್ರಿ. ಎಲ್ಲಾ ಅದೇ ತಪ್ಪು ಮಾಡೋದು. ಎಣ್ಣೆ ಅಂಟಾಗಿ ಕೂತಿರತ್ತೆ. ಕೀ ಕೊಟ್ಟು ಅಲ್ಲಾಡಿಸಿದ್ರೆ ಒಣ ತೂತಲ್ಲೇ ಚಕ್ರ ತಿರುಗಿ ಸವೆದೋಗತ್ತೆ."

ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡರು. ಹೆಬ್ಬೆರಳಿನ ಉಗುರಿನಿಂದ ಹಿಂದಿನ ಮುಚ್ಚಳ ಎಬ್ಬಿಸಿದರು. ಅದರೊಳಗೆ ಧೂಳು ತಡೆಯಲು ಇನ್ನೊಂದು ತೆಳು ಮುಚ್ಚಳ. ಅದನ್ನೂ ತೆರೆದಾಗ ಒಂದು ಇಡೀ ಊರೇ ಕಂಡಿತು. ಬೆಳ್ಳಗಿನ ತಗಡಿನ ಮೇಲೆ ಅಲೆಯಲೆಯಾಗಿ ಕೊರೆದ ಪಟ್ಟೆಗಳು. ಇವು ಯಾರಿಗೂ ಕಾಣದ ಜಾಗದಲ್ಲಿವೆ, ಆದರೂ ಯಾರೋ ಕೂತು ಕೊರೆದಿದ್ದಾರೆ. ಗೋರಂಟಿ ಬಣ್ಣದ ಮಾಣಿಕ್ಯದ ಕಲ್ಲುಗಳು, ಉಕ್ಕನ್ನು ಕಾಸಿ ನವಿಲುಗತ್ತಿನ ಬಣ್ಣ ಬರಿಸಿದ ಸ್ಕ್ರೂಗಳು. 'ಹದಿನೈದು ಕಲ್ಲಿನ ವಾಚು' ಎಂದು ಹಿಂದಿನವರು ಹೆಮ್ಮೆಯಿಂದ ಹೇಳುತ್ತಿದ್ದುದು ಈ ಕಲ್ಲುಗಳನ್ನೇ. ಇವು ಒಡವೆಯಲ್ಲ, ಚಕ್ರದ ಮೊನೆ ತಿರುಗಲು ಕೊರೆದ ಗಟ್ಟಿ ತೂತು, ಅಷ್ಟೇ. ಕಲ್ಲನ್ನು ಹೀಗೆ ಕೊರೆದು ಕೂಡಿಸುವ ಉಪಾಯಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿದ್ದು 1704ರಲ್ಲಿ.

ಎಲ್ಲಕ್ಕಿಂತ ಮೇಲೆ ಬ್ಯಾಲೆನ್ಸ್ ಚಕ್ರ. ಅಂಚಿನ ಸುತ್ತ ಸಾಸಿವೆಗಿಂತ ಚಿಕ್ಕ ಸ್ಕ್ರೂಗಳು. ಅದರ ನಡುವೆ ಸುರುಳಿ ಸುತ್ತಿ ಮಲಗಿದೆ ಹೇರ್‌ಸ್ಪ್ರಿಂಗ್. ಡಚ್ ವಿಜ್ಞಾನಿ ಹೈಗೆನ್ಸ್ ಇದನ್ನು 1675ರಲ್ಲಿ ಜಗತ್ತಿಗೆ ತೋರಿಸುವ ತನಕ ಜೇಬುಗಡಿಯಾರಗಳಲ್ಲಿ ನಿಮಿಷದ ಮುಳ್ಳು ಇಡುವುದೇ ಅಪರೂಪವಾಗಿತ್ತು. ದಿನಕ್ಕೆ ಅರ್ಧ ಗಂಟೆ ತಪ್ಪುವ ಯಂತ್ರಕ್ಕೆ ನಿಮಿಷದ ಮುಳ್ಳು ಯಾತಕ್ಕೆ? ಮೇನ್ ಸ್ಪ್ರಿಂಗ್ ತನ್ನ ಬಲವನ್ನೆಲ್ಲ ಒಂದೇ ಉಸುರಿಗೆ ಬಿಟ್ಟುಬಿಡಲು ಹವಣಿಸುತ್ತದೆ. ಈ ಬ್ಯಾಲೆನ್ಸು ಅತ್ತಿಂದಿತ್ತ ತೂಗುತ್ತ, ಒಂದೊಂದು ಹಲ್ಲಿಗೆ ಮಾತ್ರ ದಾರಿ ಬಿಡುತ್ತದೆ. ಆ ತಡೆದು ಬಿಡುವ ಸದ್ದೇ ಟಿಕ್. ಸೆಕೆಂಡಿಗೆ ಐದು, ಗಂಟೆಗೆ 18,000, ದಿನಕ್ಕೆ 4,32,000.

ಸಾಹೇಬರು ಮಿಷಿನ್ ನೋಡುವ ಮೊದಲು ನೋಡಿದ್ದು ಮುಚ್ಚಳದ ಒಳಮೈಯನ್ನು. ದೀಪಕ್ಕೆ ಓರೆಯಾಗಿ ಹಿಡಿದು, ಐಗ್ಲಾಸ್ ನನ್ನ ಕೈಗೆ ಕೊಟ್ಟರು. ಬರಿಗಣ್ಣಿಗೆ ಕಾಣದ ಗೀರುಗಳು. ಸೂಜಿಮೊನೆಯಲ್ಲಿ ಬರೆದ ಅಂಕಿಗಳು, ಒಂದೆರಡು ಅಕ್ಷರ, ಒಂದು ಕಡೆ '31' ಎಂದೂ ಇನ್ನೊಂದು ಕಡೆ '8-47' ಎಂದೂ ಓದಬಹುದಾದ ಗುರುತು. ಒಟ್ಟು ನಾಲ್ಕು ಕೈಬರಹ.

"ಆಸ್ಪತ್ರೆ ಚೀಟಿ ಇದ್ದ ಹಾಗೆ ಸ್ವಾಮಿ ಇದು. ಬಿಚ್ಚಿದವರೆಲ್ಲ ಒಂದು ಗುರುತು ಹಾಕಿ ಮುಚ್ತಿದ್ರು. ಮತ್ತೆ ಅದೇ ವಾಚು ಬಂದ್ರೆ, ನಾವು ಯಾವಾಗ ಕೈಯಿಟ್ಟಿದ್ವಿ ಅಂತ ಗೊತ್ತಾಗ್ಬೇಕಲ್ಲ?"

ಕಂಪನಿಯ ಹೆಸರು ಡಯಲ್ಲಿನ ಮೇಲಿದೆ, ರೈಲಿನ ಹೆಸರು ಬೆನ್ನಿನ ಮೇಲಿದೆ. ಅದನ್ನು ನಡೆಸಿಕೊಂಡು ಬಂದವರ ಹೆಸರು ಮಾತ್ರ ಹೀಗೆ ಒಳಗೆ, ಗೀರಾಗಿ. ಎಂಟು ಹತ್ತು ವರ್ಷಕ್ಕೊಮ್ಮೆ ಯಾರೋ ಒಬ್ಬರು ಎಲ್ಲ ಬಿಚ್ಚಿ, ತೊಳೆದು, ಸೂಜಿತುದಿಯಷ್ಟು ಎಣ್ಣೆ ಬಿಟ್ಟು ಮತ್ತೆ ಕೂಡಿಸಿರದಿದ್ದರೆ ಇದು ನಲವತ್ತೇಳನ್ನು ಕಾಣುತ್ತಿರಲಿಲ್ಲ.

ಜೇಬುಗಡಿಯಾರದ ಸುದ್ದಿ ಪೇಪರಿನಲ್ಲಿ ಬರುವುದು ಹರಾಜಿನ ದಿನ ಮಾತ್ರ. ಪಾಟೆಕ್ ಫಿಲಿಪ್ ಕಂಪನಿ ನ್ಯೂಯಾರ್ಕಿನ ಶ್ರೀಮಂತ ಹೆನ್ರಿ ಗ್ರೇವ್ಸ್‌ಗೆ 1933ರಲ್ಲಿ ಒಪ್ಪಿಸಿದ, 24 ಬಗೆಯ ಕರಾಮತ್ತಿನ ಗಡಿಯಾರ 2014ರಲ್ಲಿ ಜಿನೀವಾದಲ್ಲಿ ಸುಮಾರು 2 ಕೋಟಿ 40 ಲಕ್ಷ ಡಾಲರಿಗೆ ಹೋಯಿತು. ಗಾಂಧೀಜಿಯ ಜೆನಿತ್ ಗಡಿಯಾರ ಅವರ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲಿನೊಂದಿಗೆ 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ 18 ಲಕ್ಷ ಡಾಲರಿಗೆ ಕೂಗಿದವರು ನಮ್ಮ ಬೆಂಗಳೂರಿನ ವಿಜಯ್ ಮಲ್ಯ. ಆ ಲೋಕ ಬೇರೆ. ಗ್ರೇವ್ಸ್ ಗಡಿಯಾರದ ಪ್ರತಿಯೊಂದು ಚಕ್ರದ ಚರಿತ್ರೆ ಕಾಗದದ ಮೇಲಿದೆ. ನನ್ನ ಸಾವಿರದ ಎಂಟುನೂರರ ಗಡಿಯಾರಕ್ಕಿರುವುದು ನಾಲ್ಕು ಗೀರು. ಅವನ್ನು ಗೀರಿದ ಸೂಜಿಯ ಹಿಂದೆ ಇಂಥದೇ ಒಂದು ಮೆಟ್ಟಿಲ ಕೆಳಗಿನ ದೀಪವಿತ್ತು ಎಂದು ಊಹಿಸಿಕೊಳ್ಳಲು ನನಗೆ ಕಷ್ಟವಾಗಲಿಲ್ಲ.

ಮೂರು ವಾರ ಹಿಡಿಯಿತು. ಮೇನ್ ಸ್ಪ್ರಿಂಗ್ ತುಂಡಾಗಿತ್ತು. ಮೊಳದುದ್ದದ ಆ ಉಕ್ಕಿನ ಪಟ್ಟಿಗೆ ಸಾಟಿಯಾದದ್ದನ್ನು ಸಾಹೇಬರು ಯಾವುದೋ ಹಳೇ ಡಬ್ಬಿಯಿಂದ ಹುಡುಕಿ ತೆಗೆದರು. ಕೇಸು ಪಾಲಿಷ್ ಮಾಡಿಕೊಡಲೇ ಎಂದು ಕೇಳಿದರು. ಬೇಡವೆಂದೆ. ಪಾಲಿಷಿನ ಚಕ್ರಕ್ಕೆ ಕೊಟ್ಟರೆ ಹೊಳಪೇನೋ ಬರುತ್ತದೆ, ಅದರ ಜೊತೆಗೆ ಬೆನ್ನಿನ ಮೇಲಿನ ಆ ರೈಲ್ವೆ ಅಕ್ಷರಗಳೂ ಅಳಿಸಿಹೋಗುತ್ತವೆ.

ಮುಚ್ಚುವ ಮುನ್ನ ಸಾಹೇಬರು ಸೂಜಿ ಕೈಗೆತ್ತಿಕೊಂಡು ನನ್ನ ಮುಖ ನೋಡಿದರು. ನಾನು ತಡವರಿಸಿದೆ. ಹೊಸ ಗೀರು ಹಾಕಬಾರದು ಎಂಬುದು ಈಗಿನ ಸಂಗ್ರಾಹಕರ ನಿಯಮ. ಆದರೆ ನಾಲ್ಕು ಜನರಿಗೆ ಸಿಕ್ಕ ಜಾಗವನ್ನು ಐದನೆಯವರಿಗೆ ಇಲ್ಲವೆನ್ನುವುದು ಹೇಗೆ? ಆಗ ನೆನಪಾದದ್ದು ಇಂಗ್ಲೆಂಡಿನ ಹಳೆಯ ಪದ್ಧತಿ. ಅಲ್ಲಿ ಎರಡು ಕೇಸಿನ ಗಡಿಯಾರಗಳಲ್ಲಿ ಆ ಕೇಸುಗಳ ನಡುವೆ ರಿಪೇರಿಯವರು ದುಂಡಗೆ ಕತ್ತರಿಸಿದ ಕಾಗದದ ಬಿಲ್ಲೆಯಿಡುತ್ತಿದ್ದರು. ಒಂದು ಮೈಯಲ್ಲಿ ಅಂಗಡಿಯ ಹೆಸರು, ಇನ್ನೊಂದು ಮೈಯಲ್ಲಿ ರಿಪೇರಿ ಮಾಡಿದ ದಿನಾಂಕ. ಹೇಳಿದೆ. ಸಾಹೇಬರು ನಕ್ಕು, ಬಿಲ್ ಪುಸ್ತಕದ ಹಾಳೆಯೊಂದನ್ನು ಗಡಿಯಾರಕ್ಕೆ ಒತ್ತಿ ಗುರುತು ಮಾಡಿ ಕತ್ತರಿಸಿದರು. ತಮ್ಮ ಹೆಸರು, ತಾರೀಕು, ಕೆಳಗೆ 'ಸ್ಪ್ರಿಂಗ್ ಹೊಸದು' ಎಂದು ಕನ್ನಡದಲ್ಲಿ ಬರೆದು, ಎರಡು ಮುಚ್ಚಳಗಳ ನಡುವೆ ಇಟ್ಟು ಒತ್ತಿದರು. ಟಪ್ ಎಂದು ಮುಚ್ಚಿಕೊಂಡಿತು.

ಈಗ ದಿನಾ ಬೆಳಗ್ಗೆ ಕಾಫಿ ಇಳಿಯುವಷ್ಟರಲ್ಲಿ ಕೀ ಕೊಡುತ್ತೇನೆ. ಬೆರಳಿಗೆ ಸಣ್ಣಗೆ ಬಿಗಿ ಹತ್ತುತ್ತಿದ್ದಂತೆ ನಿಲ್ಲಿಸುತ್ತೇನೆ. ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ. ಈ ವಯಸ್ಸಿಗೆ ಅದು ಸಲ್ಲುತ್ತದೆ. ಎಲ್ಲಿಡುವುದೆಂಬ ಚಿಂತೆಯೂ ಇಲ್ಲ: ಜೀನ್ಸಿನ ಬಲಗಿಸೆಯೊಳಗಿನ ಪುಟ್ಟ ಕಿಸೆಯನ್ನು ಹಿಂದೆ ಹೊಲಿದದ್ದೇ ಜೇಬುಗಡಿಯಾರಕ್ಕೆಂದು. ಇವತ್ತಿನ ಪ್ಯಾಂಟಿನಲ್ಲಿ ನನ್ನದು ಅರ್ಧವೇ ಇಳಿಯುತ್ತದೆ ಎಂಬುದು ಬೇರೆ ಮಾತು.

ನಿಮ್ಮ ಮನೆಯ ಟ್ರಂಕಿನಲ್ಲೂ, ಅಜ್ಜನ ಕರೀ ಕೋಟಿನ ಜೊತೆ ಇಂಥದೊಂದು ಇದ್ದೀತು. ಇದ್ದರೆ ಚಾಕು ಹಾಕಿ ಎಬ್ಬಿಸಬೇಡಿ, ಕೀ ಕೊಟ್ಟು ಅಲ್ಲಾಡಿಸಬೇಡಿ, ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ. ನೂರು ವರ್ಷ ದಾಟಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ ಎಂಬುದೂ ಗೊತ್ತಿರಲಿ. ಊರಲ್ಲಿ ಇನ್ನೂ ಐಗ್ಲಾಸ್ ಹಾಕಿ ಕೂರುವ ಹಿರಿಯರೊಬ್ಬರಿದ್ದರೆ, ಅವರು ಅಂಗಡಿ ಮುಚ್ಚುವ ಮೊದಲು ತೆಗೆದುಕೊಂಡು ಹೋಗಿ. ನಡೆದರೆ ಒಳ್ಳೆಯದು. ನಡೆಯದಿದ್ದರೂ ಒಂದು ಕೆಲಸ ಮಾಡಿ: ರೂಪಾಯಿಯಗಲದ ಕಾಗದದ ಮೇಲೆ ಅದು ಯಾರದು, ಯಾವ ಊರಿನದು ಎಂದು ಬರೆದು ಮುಚ್ಚಳದೊಳಗಿಡಿ.