ಬ್ಯಾನರಿನಲ್ಲಿ ಇಲ್ಲದ ಲೆಕ್ಕ

ನೀಟ್ ಫಲಿತಾಂಶ ಬಂದ ದಿನ ಅವ್ವ ಏನೂ ಕೇಳಲಿಲ್ಲ, ಸುಮ್ಮನೆ ತಟ್ಟೆಗೆ ರೊಟ್ಟಿ ಹಾಕಿದಳು. ಜೀವಶಾಸ್ತ್ರ ಕೈಹಿಡಿದಿತ್ತು, ಭೌತಶಾಸ್ತ್ರ ಕೈಕೊಟ್ಟಿತ್ತು. 180ಕ್ಕೆ ಬರೀ 31. ಸೀಟು ಸಿಗುವುದಿಲ್ಲ ಎಂಬುದು ಖಚಿತವಾಗಿತ್ತು. ‘ಇನ್ನೊಂದ್ ವರ್ಷ ಓದ್ತೇನಪ್ಪ’ ಎಂದೆ. ‘ಓದವ್ವ, ರೊಕ್ಕದ ಚಿಂತಿ ನಿನಗ ಬ್ಯಾಡ’ ಎಂದರು ಅಪ್ಪ. ವಾರದೊಳಗೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಒಳ್ಳೆಯ ರೇಟಿಗೆಂದು ಕಾದಿರಿಸಿದ್ದ ಮೆಣಸಿನಕಾಯಿ ಚೀಲಗಳನ್ನೆಲ್ಲ ಮಾರಿಬಿಟ್ಟರು. ರೇಟು ಇನ್ನೂ ಏರಿರಲಿಲ್ಲ.

ಕೋಚಿಂಗ್ ಸೆಂಟರ್ ಆರಿಸಿದ್ದು ನಾನೇ. ಬಸ್ ಸ್ಟ್ಯಾಂಡ್ ಎದುರಿನ ದೊಡ್ಡ ಬ್ಯಾನರಿನ ತುಂಬ ನಗುವ ಮುಖಗಳು, ಕೆಳಗೆ ಅಂಕಗಳು. ಅವರಲ್ಲಿ ವರ್ಷವಿಡೀ ಅಲ್ಲಿ ಓದಿದವರು ಎಷ್ಟು, ಟೆಸ್ಟ್ ಸೀರೀಸ್ ಮಾತ್ರ ಬರೆದವರು ಎಷ್ಟು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಊರಿನಿಂದ ದೂರದ ಆ ಸೆಂಟರಿನಲ್ಲಿ ಒಂದು ತರಗತಿಗೆ 150ಕ್ಕೂ ಹೆಚ್ಚು ಮಂದಿ. ಎರಡು ವಾರಕ್ಕೊಮ್ಮೆ ಟೆಸ್ಟ್, ಅಂಕ ನೋಡಿ ಬ್ಯಾಚ್ ಬದಲು. ಹೆಸರಾಂತ ಮೇಷ್ಟ್ರುಗಳೆಲ್ಲ ಮೊದಲ ಬ್ಯಾಚಿಗೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕೊನೆಯ ಬ್ಯಾಚಿನ ಹಿಂದಿನ ಬೆಂಚು ಸೇರಿದೆ. ಡೌಟ್ ಕೇಳಲು ಹೋದರೆ ‘ನೋಟ್ಸ್ ನೋಡಮ್ಮ’ ಎನ್ನುವ ಉತ್ತರ. ಮೂರು ತಿಂಗಳಿಗೆ ಊರಿಗೆ ಮರಳಿದೆ. ಫೀ ವಾಪಸ್ ಕೇಳಿದ್ದಕ್ಕೆ ಅಪ್ಪನಿಗೆ ರಸೀದಿಯ ಹಿಂಬದಿ ತೋರಿಸಿದರು: ಒಮ್ಮೆ ಕಟ್ಟಿದ ಹಣ ಮರಳಿಸುವುದಿಲ್ಲ.

ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನೂ ಹಾಸ್ಟೆಲ್ ಹಣವನ್ನೂ 10 ದಿನಗಳೊಳಗೆ ಮರಳಿಸಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ರ‍್ಯಾಂಕಿನ ಭರವಸೆ ಕೊಡಬಾರದು ಎಂದೂ ಅದರಲ್ಲಿದೆ. ಇದು ನನಗೆ ತಿಳಿದದ್ದು ಆಮೇಲೆ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯಂತೆ, ಜಾಹೀರಾತಿನಲ್ಲಿ ವಿದ್ಯಾರ್ಥಿಯ ಫೋಟೊ ಹಾಕಿದರೆ ಅವರು ಯಾವ ಕೋರ್ಸನ್ನು ಎಷ್ಟು ಕಾಲ ಓದಿದರು ಎಂಬುದನ್ನೂ ತಿಳಿಸಬೇಕು.

ಮನೆಯಲ್ಲಿ ಕುಳಿತು ಮಾಡಿದ ಮೊದಲ ಕೆಲಸ, ನನ್ನ ಹಳೆಯ ಉತ್ತರಗಳನ್ನು ಕೀ ಉತ್ತರದ ಜತೆ ತಾಳೆ ನೋಡಿದ್ದು. ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ 15 ಸರಿ, 29 ತಪ್ಪು, ಒಂದನ್ನು ಬಿಟ್ಟಿದ್ದೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದರೆ ಗಳಿಸಿದ 60ರಲ್ಲಿ 29 ಅಂಕ ನಾನೇ ಕಳೆದುಕೊಂಡಿದ್ದೆ. ಜೀವಶಾಸ್ತ್ರಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಮತ್ತೆ ಮತ್ತೆ ಓದಿದರೆ ಸಾಕಿತ್ತು. ನನಗೆ ಬೇಕಿದ್ದದ್ದು ಲೆಕ್ಕ ಬಿಡಿಸುವುದನ್ನು ಪಕ್ಕದಲ್ಲಿ ಕುಳಿತು ತಿದ್ದುವ ಒಬ್ಬ ಮೇಷ್ಟ್ರು. ಅಪ್ಪ ದುಡ್ಡು ಕಟ್ಟಿದ್ದು ಮೂರೂ ವಿಷಯಗಳಿಗೆ, ಹಾಸ್ಟೆಲಿಗೆ, ಆ ಬ್ಯಾನರಿಗೆ!

ಎರಡನೇ ಸಲ ಜಿಲ್ಲಾ ಕೇಂದ್ರದ ಒಂದು ಸಣ್ಣ ಸೆಂಟರಿಗೆ ಹೋಗಿ ಮೂರು ಪ್ರಶ್ನೆ ಕೇಳಿದೆ. ನನ್ನ ಬ್ಯಾಚಿಗೆ ಪಾಠ ಮಾಡುವವರು ಯಾರು? ಟೆಸ್ಟ್ ಆದ ಮೇಲೆ ತಪ್ಪುಗಳನ್ನು ಯಾರು ಕೂರಿಸಿಕೊಂಡು ಹೇಳುತ್ತಾರೆ? ಬಿಟ್ಟರೆ ಹಣ ಎಷ್ಟು ವಾಪಸ್, ಅದನ್ನು ಬರೆದು ಕೊಡುತ್ತೀರಾ? ಒಂದು ವಾರ ಸುಮ್ಮನೆ ತರಗತಿಯಲ್ಲಿ ಕೂರಲು ಬಿಟ್ಟರು. ಭೌತಶಾಸ್ತ್ರಕ್ಕಷ್ಟೇ ಸೇರಿದೆ, ಕಂತಿನಲ್ಲಿ ಫೀ ಕಟ್ಟಿದೆ. ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಕ್ಕವು. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ ‘ಸಾಥಿ’ ಜಾಲತಾಣದಲ್ಲೂ ನೀಟ್ ಪಾಠಗಳು ಉಚಿತವಾಗಿವೆ.

ಮರುವರ್ಷ ಭೌತಶಾಸ್ತ್ರದಲ್ಲಿ 88 ಬಂತು. 25 ಸರಿ, 12 ತಪ್ಪು, ಎಂಟನ್ನು ಮುಟ್ಟಲಿಲ್ಲ. ಆದರೂ ಎಂಬಿಬಿಎಸ್ ಸೀಟು ಸಿಗಲಿಲ್ಲ. ಆಯುರ್ವೇದ ಸಿಕ್ಕಿತು, ಓದುತ್ತಿದ್ದೇನೆ. ಮೊದಲ ಮೂರು ತಿಂಗಳು ಕೈಯಲ್ಲಿದ್ದಿದ್ದರೆ ಎಂದು ಈಗಲೂ ಕೆಲವು ರಾತ್ರಿ ಅನಿಸುತ್ತದೆ.

ಈ ವರ್ಷ ತಮ್ಮ ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಮೊನ್ನೆ ಊರಿಗೆ ಹೋದಾಗ ಬಣ್ಣದ ಬ್ರೋಷರ್ ಹಿಡಿದು ಬಂದು, ‘ಅಕ್ಕಾ, ಇದು ಹೆಂಗೈತಿ?’ ಎಂದ. ಅದನ್ನು ಪಕ್ಕಕ್ಕಿಟ್ಟೆ. ‘ಮೊದಲು ನಿನ್ನ ಟೆಸ್ಟ್ ಪೇಪರ್ ತಾ, ತಪ್ಪು ಎಲ್ಲಾಗ್ಯಾವು ನೋಡೋಣು’ ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಎದ್ದು ಬಂದು ನಮ್ಮ ಪಕ್ಕದಲ್ಲೇ ಕುಳಿತರು.